ಹೊಗಳಿಕೆಯಿಲ್ಲದ ಪತ್ರ

ಮ್ಯಾಂಚೆಸ್ಟರಿನ ಆ ವಿಶ್ವವಿದ್ಯಾಲಯದಲ್ಲಿ ಚಿತ್ರಾಕ್ಷಿಯದು ದೊಡ್ಡ ಹುದ್ದೆಯೇನಲ್ಲ. ಸಾರ್ವಜನಿಕ ಆರೋಗ್ಯ ವಿಭಾಗದ ಆಫೀಸಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳ ಫೈಲು ನೋಡಿಕೊಳ್ಳುವುದು, ಪರೀಕ್ಷಕರಿಗೆ ಪತ್ರ ಕಳಿಸುವುದು, ಸಭೆಗಳಿಗೆ ಕೊಠಡಿ ಬುಕ್ ಮಾಡುವುದು, ಇಷ್ಟೇ. ಆದರೆ ಹದಿಮೂರು ವರ್ಷ ಒಂದೇ ಕುರ್ಚಿಯಲ್ಲಿ ಕೂತವರಿಗೆ ಒಂದು ಅನುಕೂಲವಿದೆ. ಪ್ರೊಫೆಸರುಗಳು ಬರುತ್ತಾರೆ, ಹೋಗುತ್ತಾರೆ, ಮುಖ್ಯಸ್ಥರು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಯಾರು ಯಾವಾಗ ಏನು ಮಾಡಿದರು, ಯಾರು ಬರೀ ಮಾತಾಡಿದರು ಎಂಬುದು ಆಫೀಸಿನಲ್ಲಿ ಕೂತವಳಿಗೆ ಮಾತ್ರ ಸರಿಯಾಗಿ ಗೊತ್ತಿರುತ್ತದೆ. ಗೊತ್ತಿದ್ದರೂ ಯಾರೂ ಅವಳನ್ನು ಕೇಳುವುದಿಲ್ಲ, ಆ ಮಾತು ಬೇರೆ.

ಅವಳ ಕೆಲಸದಲ್ಲಿ ಅವಳಿಗೆ ನಿಜವಾಗಿ ಇಷ್ಟವಾದದ್ದು ತಿಂಗಳ ಮೊದಲ ಶುಕ್ರವಾರ. ಅವತ್ತು ಮಧ್ಯಾಹ್ನ ಎರಡನೇ ಮಹಡಿಯ ಕೊಠಡಿಗೆ ಹನ್ನೆರಡು, ಹದಿನೈದು ಹೆಂಗಸರು ಬರುತ್ತಿದ್ದರು. ಘಾನಾ, ನೈಜೀರಿಯಾ, ಕ್ಯಾಮರೂನ್, ಜಿಂಬಾಬ್ವೆ, ಸುಡಾನ್ ಕಡೆಯವರು. ಕೆಲವರು ಪಿಎಚ್‌ಡಿ ಮಾಡುತ್ತಿರುವವರು, ಕೆಲವರು ಆಗಲೇ ಪಾಠ ಹೇಳುವವರು. ಲೀಡ್ಸ್‌ನಿಂದ, ಬರ್ಮಿಂಗ್‌ಹ್ಯಾಮ್‌ನಿಂದ ರೈಲು ಹತ್ತಿ ಬರುತ್ತಿದ್ದರು. ೨೦೦೭ರಲ್ಲಿ ಮೊದಲ ಸಭೆಯ ದಿನ ಕೊಠಡಿಗೆ ಬೀಗ ಬಿದ್ದಿತ್ತು. ಬೀಗದ ಕೈ ಹಿಡಿದು ಓಡಿ ಬಂದ ಚಿತ್ರಾಕ್ಷಿಯನ್ನು ಅವರು ಚಹಾ ಕೊಟ್ಟು ಐದು ನಿಮಿಷ ಕೂರಿಸಿದರು. ಆ ಐದು ನಿಮಿಷ ಮುಗಿಯಲೇ ಇಲ್ಲ, ಒಂಬತ್ತು ವರ್ಷವಾಯಿತು.

ಗುಂಪನ್ನು ಕಟ್ಟಿದವರು ಡಾಕ್ಟರ್ ಜಿಫಾ ಅಗ್ಬೆಕೊ. ಘಾನಾ ದೇಶದ ಹೋ ಎಂಬ ಊರಿನವರು, ೧೯೮೮ರಲ್ಲಿ ಈ ದೇಶಕ್ಕೆ ಬಂದವರು, ವಿಭಾಗದಲ್ಲಿ ಸೀನಿಯರ್ ಲೆಕ್ಚರರ್. ಮೀನು ಹೊಗೆಗಿಟ್ಟು ಒಣಗಿಸುವ ಹೆಂಗಸರ ಶ್ವಾಸಕೋಶ ಏನಾಗುತ್ತದೆ ಎಂಬುದು ಅವರ ಸಂಶೋಧನೆ. ಕಾರ್ಕಳದ ಹತ್ತಿರದ ತನ್ನ ಊರಿನಲ್ಲಿ ಒಲೆಯ ಮುಂದೆ ಕೆಮ್ಮುತ್ತಲೇ ಬದುಕು ಸವೆಸಿದ ತಾಯಿಯನ್ನು ಕಂಡಿದ್ದ ಚಿತ್ರಾಕ್ಷಿಗೆ ಆ ವಿಷಯವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ಅವಳ ಬಾಯಿಗೆ ಮಾತ್ರ ಅದು ಬರಲಿಲ್ಲ, ಮೊದಲ ದಿನದಿಂದಲೂ ‘ಡಾಕ್ಟರ್’ ಎಂದೇ ಕರೆದಳು.

ಗುಂಪಿನಲ್ಲಿ ಒಂದು ಕಟ್ಟುಪಾಡು ಇತ್ತು. ಯಾರೂ ತಮ್ಮ ಅರ್ಜಿಯನ್ನು ತಾವೇ ಬರೆಯುವಂತಿಲ್ಲ. ಕೆಲಸಕ್ಕಿರಲಿ, ಬಡ್ತಿಗಿರಲಿ, ಅರ್ಜಿ ಹಾಕುವವಳು ಮಧ್ಯದ ಕುರ್ಚಿಯಲ್ಲಿ ಕೂರಬೇಕು. ಇನ್ನೊಬ್ಬಳು ಪ್ರಶ್ನೆ ಕೇಳಿ ಬರೆದುಕೊಳ್ಳಬೇಕು. ಕೂತವಳು ತಾನು ಮಾಡಿದ್ದನ್ನು ಬೇರೆಯವರ ಹೆಸರಿಗೆ ಹಾಕಿ ಜಾರಿಕೊಂಡರೆ ಉಳಿದವರು ಮೇಜು ಕುಟ್ಟುತ್ತಿದ್ದರು.

“ಜಂಭ ಕೊಚ್ಚಬೇಡ ಅಂತ ನಮ್ಮನ್ನು ಬೆಳೆಸಿದ್ದಾರೆ. ಈ ದೇಶದಲ್ಲಿ ಅರ್ಜಿ ಅಂದರೆ ಜಂಭ ಕೊಚ್ಚೋದೇ. ನಿನಗೆ ಆಗಲ್ಲ ಅಂದರೆ ನಿನ್ನ ಜಂಭ ಇನ್ನೊಬ್ಬಳು ಕೊಚ್ಚಲಿ ಬಿಡು,” ಎನ್ನುತ್ತಿದ್ದರು ಡಾಕ್ಟರ್ ಜಿಫಾ. ನಕ್ಕು ಹೇಳುತ್ತಿದ್ದರು, ಆದರೆ ಕಟ್ಟುಪಾಡು ಒಮ್ಮೆಯೂ ಸಡಿಲವಾಗಲು ಬಿಡಲಿಲ್ಲ. ಹಾಗೆ ಬರೆಸಿಕೊಂಡ ಅರ್ಜಿಗಳಿಂದ ಎಷ್ಟೋ ಜನ ಮೇಲೆ ಬಂದರು. ಇಂಥ ಕೆಲಸವನ್ನು ಯಾರ ಅಪ್ಪಣೆಗೂ ಕಾಯದೆ, ತನ್ನ ಊಟದ ಹೊತ್ತಿನಲ್ಲಿ, ಒಂಬತ್ತು ವರ್ಷ ಬಿಡದೆ ಮಾಡಿದ ಇನ್ನೊಬ್ಬರನ್ನು ಚಿತ್ರಾಕ್ಷಿ ಕಂಡಿರಲಿಲ್ಲ.

ವಿಚಿತ್ರವೆಂದರೆ, ಆ ಕುರ್ಚಿಯಲ್ಲಿ ಒಮ್ಮೆಯೂ ಕೂರದವರು ಡಾಕ್ಟರ್ ಜಿಫಾ ಒಬ್ಬರೇ. ಅವರನ್ನು ಕೂರಿಸಿ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ತಮ್ಮ ಅರ್ಜಿಯನ್ನು ತಾವೇ ಗೀಚಿ ಕಳಿಸುತ್ತಿದ್ದರು. ಪ್ರೊಫೆಸರ್ ಹುದ್ದೆಗೆ ಎರಡು ಸಲ ಹಾಕಿದರು, ಎರಡು ಸಲವೂ ‘ಈಗಲೇ ಅಲ್ಲ’ ಎಂದು ಉತ್ತರ ಬಂತು. ೨೦೧೬ರ ಜನವರಿಯಲ್ಲಿ ಮೂರನೇ ಸಲದ ಸುತ್ತೋಲೆ ಬಂದಾಗ ಅವರು ಸಮಾಧಾನದಿಂದಲೇ ಹೇಳಿಬಿಟ್ಟರು: ಇದೇ ಕೊನೆ. ಆಗದಿದ್ದರೆ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟು ಊರಿಗೆ ಹೋಗುವುದು. ಬಡ್ತಿಯ ಸಮಿತಿಯಲ್ಲಿ ಕೂರಲು ಪ್ರೊಫೆಸರುಗಳಿಗೆ ಮಾತ್ರ ಅವಕಾಶ, ಅಲ್ಲಿ ಇವರಂಥವರು ಒಬ್ಬರೂ ಇರಲಿಲ್ಲ. ಇವರು ಹೋದರೆ ಮುಂದೆಯೂ ಇರುವುದಿಲ್ಲ, ಶುಕ್ರವಾರಗಳೂ ಇರುವುದಿಲ್ಲ. ಇದು ಕೊಠಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಈ ಸಲ ಬಿಡುವುದಿಲ್ಲ ಎಂದು ಟೊಂಕ ಕಟ್ಟಿದವಳು ರುತೆಂಡೊ. ಜಿಂಬಾಬ್ವೆಯವಳು, ಡಾಕ್ಟರ್ ಜಿಫಾ ಅವರ ಹಳೆಯ ವಿದ್ಯಾರ್ಥಿನಿ, ಈಗ ಲೀಡ್ಸ್‌ನಲ್ಲಿ ಲೆಕ್ಚರರ್. ಮೂಗಿನ ತುದಿಯಲ್ಲಿ ಸಿಟ್ಟು. ಒಂದು ಮಂಗಳವಾರ ಚಿತ್ರಾಕ್ಷಿಯ ಆಫೀಸಿಗೆ ಬಂದು, ಕಳೆದ ಸಲ ಸಮಿತಿ ಕೊಟ್ಟಿದ್ದ ಟಿಪ್ಪಣಿಯನ್ನು ಮೇಜಿನ ಮೇಲೆ ಹಾಕಿದಳು.

“ಓದಿ ನೋಡಿ ಚಿತ್ರಾ.”

ಚಿತ್ರಾಕ್ಷಿ ಓದಿದಳು. ‘ಜೊತೆಯಲ್ಲಿ ಕೆಲಸ ಮಾಡುವವರೇ ಬರೆದಿರುವಂತೆ ಅಭ್ಯರ್ಥಿಯು ತಾಯಿಯ ಹೃದಯವುಳ್ಳವರು, ನಿಗರ್ವಿ, ಬಾಡಿದ ಮುಖಗಳಿಗೆ ನಗು ತರುವವರು. ವಿಭಾಗಕ್ಕೆ ಇಂಥವರು ಅಮೂಲ್ಯ. ಆದರೆ ವಿದ್ವತ್ತಿನ ನಾಯಕತ್ವಕ್ಕೆ ಸಾಕಷ್ಟು ಪುರಾವೆ ಕಾಣಲಿಲ್ಲ.’

“ನೋಡಿದಿರಾ? ತಾಯಿಯ ಹೃದಯ!” ರುತೆಂಡೊ ಕುದಿಯುತ್ತಿದ್ದಳು. “ಗಂಡಸರು ಅರ್ಜಿ ಹಾಕಿದರೆ ಅವರು ಮುಂದಾಳು, ಹೊಸ ದಾರಿ ತೋರಿಸಿದವರು. ನಾವು ಹಾಕಿದರೆ ತಾಯಿ. ತಾಯಿಗೆ ಯಾರಾದರೂ ಕುರ್ಚಿ ಕೊಡ್ತಾರಾ? ಇನ್ನೂ ನಾಲ್ಕು ಮಕ್ಕಳನ್ನ ನೋಡಿಕೊಳ್ಳಮ್ಮ ಅಂತಾರೆ. ಸಮಿತಿಯನ್ನ ಆಮೇಲೆ ಬೈಯೋಣ. ಇದನ್ನ ಅವರ ಕೈಗೆ ಕೊಟ್ಟ ಆ ದಡ್ಡ ಯಾರು ಅಂತ ನನಗೆ ಮೊದಲು ಗೊತ್ತಾಗಬೇಕು!”

ಚಿತ್ರಾಕ್ಷಿ ಟಿಪ್ಪಣಿಯನ್ನು ಮಡಚಿ ಹಿಂದಕ್ಕೆ ಕೊಟ್ಟಳು. ಆ ದಡ್ಡ ಅವಳೇ.

ಅರ್ಜಿಯ ಜೊತೆ, ಪಾಠ ಹೇಳದ ಸಿಬ್ಬಂದಿಯೊಬ್ಬರ ಪತ್ರವನ್ನೂ ಸಮಿತಿ ಕೇಳುತ್ತಿತ್ತು. ಕಳೆದ ಸಲ ಅದನ್ನು ಬರೆದವಳು ಅವಳು. ಭಾನುವಾರವಿಡೀ ಕೂತು ಬರೆದಿದ್ದಳು. ಕಳಿಸಿದ ಮೇಲೆ ಒಂದು ಪ್ರತಿಯನ್ನು ದಪ್ಪ ಕಾಗದದಲ್ಲಿ ಮುದ್ರಿಸಿ, ಲಕೋಟೆಯಲ್ಲಿಟ್ಟು ಡಾಕ್ಟರಿಗೆ ಕೊಟ್ಟೂ ಇದ್ದಳು. ಅವರು ಓದಿ, ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಥ್ಯಾಂಕ್ಸ್ ಹೇಳಿದ್ದರು. ಅಷ್ಟಕ್ಕೇ ಅವಳು ವಾರವಿಡೀ ಉಬ್ಬಿಹೋಗಿದ್ದಳು.

ಅವತ್ತು ಸಂಜೆ ಟ್ರ್ಯಾಮ್ ಹಿಡಿದು ವಿದನ್‌ಶಾದ ಮನೆಗೆ ಬಂದವಳೇ ಆ ಪತ್ರವನ್ನು ಕಂಪ್ಯೂಟರಿನಲ್ಲಿ ಹುಡುಕಿ ತೆಗೆದಳು. ಗಂಡ ಹರಿಶ್ಚಂದ್ರ ಏರ್‌ಪೋರ್ಟಿನಲ್ಲಿ ಕೆಲಸಕ್ಕಿದ್ದವನು, ಬೆಳಗಿನ ಶಿಫ್ಟ್ ಮುಗಿಸಿ ಬಂದು ಅಡುಗೆಮನೆಯಲ್ಲಿ ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದ. ಅವಳು ವಿಷಯ ಹೇಳಿ, ಇಂಗ್ಲಿಷಿನ ಪತ್ರವನ್ನು ಕನ್ನಡ ಮಾಡಿ ಅವನಿಗೆ ಓದಿ ಹೇಳಿದಳು.

ಅವನು ಕೇಳಿ ಮೊದಲು ನಕ್ಕ. “ಇದು ನಿಮ್ಮಪ್ಪ ಬರೀತಿದ್ದ ಸನ್ಮಾನ ಪತ್ರವೇ ಅಲ್ವನಾ! ಒಂದು ಶಾಲು, ಒಂದು ಬುಟ್ಟಿ ಹಣ್ಣು ಮಾತ್ರ ಬಾಕಿ.”

“ನಗ್ಬೇಡಿ ನೀವು. ನನಗೆ ಇಲ್ಲಿ ಹೊಟ್ಟೆ ಉರೀತಾ ಉಂಟು.”

“ಅಲ್ಲ, ಒಂದು ಮಾತು ಕೇಳ್ತೇನೆ,” ಎಂದು ಅವನು ಕೈಯ ಮಸಾಲೆ ತೊಳೆದುಕೊಂಡ. “ಅಷ್ಟುದ್ದ ಓದಿದಿಯಲ್ಲ, ಅವರು ಎಂತ ಕೆಲಸ ಮಾಡ್ತಾರೆ ಅಂತ್ಲೇ ಅದರಲ್ಲಿ ಇಲ್ಲವಲ್ಲ ಮಾರಾಯ್ತಿ!”

ಚಿತ್ರಾಕ್ಷಿ ಮತ್ತೊಮ್ಮೆ ಓದಿದಳು. ಇರಲಿಲ್ಲ. ಅವಳ ಅಪ್ಪ ತನಿಯಪ್ಪ ಮಾಸ್ತರರು ಊರಿನ ಸನ್ಮಾನ ಪತ್ರಗಳನ್ನೆಲ್ಲ ಬರೆಯುತ್ತಿದ್ದವರು. ಯಾರು ನಿವೃತ್ತರಾದರೂ, ಯಾರಿಗೆ ಅರುವತ್ತು ತುಂಬಿದರೂ ಜನ ಅವರ ಜಗಲಿಗೇ ಬರುತ್ತಿದ್ದರು. ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಮಾತೃಹೃದಯಿ, ನಿಗರ್ವಿ. ವೇದಿಕೆಯ ಮೇಲೆ ಅದನ್ನು ಓದಿದಾಗ ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ಚಿತ್ರಾಕ್ಷಿಯೂ ಒರೆಸಿಕೊಂಡಿದ್ದಳು. ಊರಿಗೆಲ್ಲ ಗೊತ್ತಿರುವ ಮನುಷ್ಯನಿಗೆ ಅಷ್ಟು ಸಾಕು. ಅವನು ಮಾಡಿದ್ದನ್ನು ಯಾರೂ ಪಟ್ಟಿ ಮಾಡುವುದಿಲ್ಲ, ಮಾಡಿದರೆ ಕೊಂಕು ಎನ್ನಿಸುತ್ತದೆ. ಆದರೆ ಆ ಸಮಿತಿಯ ಏಳು ಜನಕ್ಕೆ ಡಾಕ್ಟರ್ ಜಿಫಾ ಯಾರೆಂದೇ ಗೊತ್ತಿರಲಿಲ್ಲ. ಅವಳು ಅವರ ಮುಂದೆ ಒಂದು ಮೂಟೆ ಹೊಗಳಿಕೆ ಸುರಿದಿದ್ದಳು, ಅವರು ಅದನ್ನೇ ಎತ್ತಿ ಡಾಕ್ಟರ್ ಮುಖಕ್ಕೆ ಎರಚಿದ್ದರು. ಪ್ರೀತಿಯಿಂದ ಮಾಡಿದ ಕೆಲಸ ಇಷ್ಟು ಕೆಡಿಸಬಹುದೆಂದು ಅವಳು ಎಣಿಸಿರಲಿಲ್ಲ. ಬಂಗುಡೆ ಅವಳಿಗೆ ಅವತ್ತು ಸೇರಲಿಲ್ಲ.

ಮರುದಿನ ರುತೆಂಡೊಗೆ ಫೋನು ಮಾಡಿ, “ನೀವು ಹುಡುಕುತ್ತಿರುವ ದಡ್ಡ ನಾನೇ,” ಎಂದಳು.

ಲೀಡ್ಸ್‌ನಲ್ಲಿ ಎಲ್ಲೋ ಬಾಗಿಲು ಮುಚ್ಚಿದ ಶಬ್ದ ಕೇಳಿಸಿತು.

“ನಾನು ಕೆಟ್ಟದಾಗಿ ಮಾತಾಡಿದೆ,” ಎಂದಳು ರುತೆಂಡೊ. “ಆದರೆ ಸುಳ್ಳು ಹೇಳಲಿಲ್ಲ.”

“ಇಲ್ಲ. ಈ ಸಲ ಆ ಪತ್ರ ಬೇರೆ ಯಾರಾದರೂ ಬರೆಯಲಿ.”

“ಯಾಕೆ? ಹದಿಮೂರು ವರ್ಷದ ಫೈಲು ಯಾರ ಹತ್ತಿರ ಇದೆ? ನೀವೇ ಬರೀತೀರಿ. ಅರ್ಜಿ ನಾನು ಬರೀತೀನಿ. ಒಂದೇ ಒಂದು ಒಳ್ಳೆ ಮಾತು ಕಂಡರೆ ಹೊಡೆದು ಹಾಕ್ತೀನಿ.”

ಅರ್ಜಿಗೆ ಹತ್ತು ದಿನವಿತ್ತು. ಚಿತ್ರಾಕ್ಷಿ ಊಟದ ಬಿಡುವಿನಲ್ಲಿ ಹಳೆಯ ಫೈಲುಗಳನ್ನು ತೆಗೆದು ಕೂತಳು. ಹೊಗಳದೆ ಬರೆಯುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಪೆನ್ನು ಇಟ್ಟಲ್ಲೆಲ್ಲ ‘ಕರುಣಾಮಯಿ’ ಬಂದು ನಿಲ್ಲುತ್ತಿತ್ತು. ಅದನ್ನು ಹೊಡೆದರೆ ‘ನಿಸ್ವಾರ್ಥ’ ಇಣುಕುತ್ತಿತ್ತು. ಅಪ್ಪನನ್ನು ಮನಸ್ಸಿನಲ್ಲೇ ಎರಡು ಮಾತು ಬೈದು, ತಾರೀಕುಗಳನ್ನು ಮಾತ್ರ ಬರೆಯತೊಡಗಿದಳು.

ಫೆಬ್ರವರಿಯ ಮೊದಲ ಶುಕ್ರವಾರ ಡಾಕ್ಟರ್ ಜಿಫಾ ಎಂದಿನಂತೆ ಕೋಟು ಬಿಚ್ಚಿ ನೇತುಹಾಕಿ, “ಇವತ್ತು ಯಾರದ್ದು?” ಎಂದು ಕೇಳಿದರು.

“ನಿಮ್ಮದು,” ಎಂದಳು ರುತೆಂಡೊ. ಕುರ್ಚಿಯನ್ನು ಮಧ್ಯಕ್ಕೆ ಎಳೆದಳು.

ಅವರು ಒಪ್ಪಲಿಲ್ಲ. ಮುಂದಿನ ವಾರ ಒಬ್ಬಳ ವೈವಾ, ಪಿಎಚ್‌ಡಿಯ ಮೌಖಿಕ ಪರೀಕ್ಷೆ, ಇದೆ, ಅವಳನ್ನು ಮೊದಲು ತಯಾರು ಮಾಡಬೇಕು ಎಂದರು. ತಾವು ಬರೆದದ್ದು ಬ್ಯಾಗಿನಲ್ಲೇ ಇದೆ ಎಂದರು. ಹದಿನಾಲ್ಕು ಹೆಂಗಸರು ಸುಮ್ಮನೆ ಅವರನ್ನೇ ನೋಡುತ್ತ ಕೂತರು. ಯಾರೂ ಎದ್ದು ಹೋಗಲಿಲ್ಲ. ಐವತ್ತೊಂಬತ್ತು ವರ್ಷದ ಆ ಹೆಂಗಸು ಕೊನೆಗೆ ಬಂದು ಕೂತರು, ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಎಷ್ಟೋ ಜನರನ್ನು ಅಲ್ಲಿ ಕೂರಿಸಿದವರು ತಮ್ಮ ಸರದಿ ಬಂದಾಗ ಕುರ್ಚಿಯ ತುದಿಯಲ್ಲಿ ಕೂತಿದ್ದರು.

ರುತೆಂಡೊ ಕೇಳುತ್ತ ಹೋದಳು. ಉತ್ತರಗಳು ಎಲ್ಲರೂ ಊಹಿಸಿದಂತೆಯೇ ಇದ್ದವು. ಹೊಗೆಯ ಸಂಶೋಧನೆ ಒಂದು ತಂಡದ್ದು. ಆ ಊರುಗಳ ಹೆಂಗಸರೇ ಎಲ್ಲ ಮಾಡಿದರು. ಪಾಸಾದ ವಿದ್ಯಾರ್ಥಿಗಳು ಜಾಣರಾಗಿದ್ದರು, ಅದಕ್ಕೇ ಪಾಸಾದರು. ಮೇಜು ಕುಟ್ಟಿ ಕುಟ್ಟಿ ಎಲ್ಲರ ಗೆಣ್ಣು ಕೆಂಪಾಯಿತು, ಅವರು ಮಾತ್ರ ಜಾರುತ್ತಲೇ ಇದ್ದರು.

“ಗೈಡ್ ಎರಡು ತಿಂಗಳು ವಿದ್ಯಾರ್ಥಿಯನ್ನ ಭೇಟಿಯಾಗದೆ ಇದ್ದರೆ ಆಫೀಸಿಗೆ ತಿಳಿಸಬೇಕು ಅನ್ನೋ ನಿಯಮ ಇದೆಯಲ್ಲ, ಈಗ ಇಡೀ ವಿಶ್ವವಿದ್ಯಾಲಯದಲ್ಲಿ ನಡೀತಿದೆ,” ಎಂದಳು ರುತೆಂಡೊ. “ಅದನ್ನ ಮಾಡಿದ್ದು ಯಾರು?”

“ಅದು ವಿಭಾಗದ್ದು. ಆಗಿನ ಮುಖ್ಯಸ್ಥರು ತಂದಿದ್ದು.”

“ಅಲ್ಲ ಡಾಕ್ಟರ್.”

ಎಲ್ಲರೂ ತಿರುಗಿ ನೋಡಿದರು. ಒಂಬತ್ತು ವರ್ಷದಲ್ಲಿ ಚಿತ್ರಾಕ್ಷಿ ಆ ಕೊಠಡಿಯಲ್ಲಿ ಬಾಯಿ ತೆರೆದದ್ದು ಚಹಾ ಬೇಕಾ ಎಂದು ಕೇಳಲು ಮಾತ್ರ.

“೨೦೧೦ರ ಮಾರ್ಚ್ ಒಂಬತ್ತರಂದು ಅದರ ಕರಡು ನಿಮ್ಮಿಂದ ಬಂತು, ಒಂದೂವರೆ ಪುಟ. ಟೈಪ್ ಮಾಡಿದವಳು ನಾನು. ಮುಖ್ಯಸ್ಥರು ಬದಲಾಯಿಸಿದ್ದು ಕೆಳಗಿನ ಹೆಸರು ಮಾತ್ರ.” ಅವಳು ತನ್ನ ಪಟ್ಟಿಯನ್ನು ಬಿಚ್ಚಿದಳು. “ಅದಕ್ಕೂ ಎರಡು ವರ್ಷ ಮೊದಲು ಕ್ಯಾಮರೂನಿನ ಹುಡುಗಿಯೊಬ್ಬಳು ಕೋರ್ಸು ಬಿಡ್ತೇನೆ ಅಂತ ಫಾರ್ಮ್ ತುಂಬಿ ನನ್ನ ಟ್ರೇಯಲ್ಲಿ ಇಟ್ಟು ಹೋದಳು. ನೀವು ಬಂದು ಅದನ್ನ ಮೂರು ವಾರ ಮುಂದೆ ಕಳಿಸಬೇಡಿ ಅಂದಿರಿ. ಅವಳ ಗೈಡ್ ಐದು ತಿಂಗಳಿಂದ ಅವಳ ಮುಖ ನೋಡಿರಲಿಲ್ಲ ಅನ್ನೋದನ್ನ ನೀವು ಪತ್ತೆ ಮಾಡಿದಿರಿ, ಗೈಡನ್ನ ಬದಲಾಯಿಸಿದಿರಿ. ಅವಳು ಈಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಾಠ ಹೇಳ್ತಾಳೆ. ಆ ಫಾರ್ಮ್ ಈಗಲೂ ನನ್ನ ಹತ್ತಿರ ಉಂಟು.”

ಕಿಟಕಿಯ ಹತ್ತಿರ ಕೂತಿದ್ದ ಒಬ್ಬಾಕೆ ಮುಖ ಮುಚ್ಚಿಕೊಂಡಳು. ಆ ಹುಡುಗಿ ಅವಳೇ. ತನ್ನ ಫಾರ್ಮು ಮೂರು ವಾರ ಎಲ್ಲಿತ್ತು ಎಂಬುದು ಅವಳಿಗೂ ಅವತ್ತಿನವರೆಗೆ ಗೊತ್ತಿರಲಿಲ್ಲ.

ಆಮೇಲೆ ಚಿತ್ರಾಕ್ಷಿ ನಿಲ್ಲಿಸಲಿಲ್ಲ. ಕೈಯಲ್ಲಿ ಪಟ್ಟಿ ಹಿಡಿದು ತಾರೀಕಿನ ಸಮೇತ ಓದಿದಳು. ಡಾಕ್ಟರ್ ಜಿಫಾ ಅಡ್ಡ ಮಾತಾಡಲು ಬಾಯಿ ತೆರೆದಾಗಲೆಲ್ಲ ಮೇಜು ಗುಡುಗಿತು. ಮೀನು ಒಣಗಿಸುವಾಗ ಹೊಗೆ ಹೊರಗೆ ಹೋಗುವಂಥ ಗೂಡಿನ ನಕ್ಷೆ ಬರೆದವರು ಅವರು. ಅದು ನಾನೂರು ಮನೆಗಳಿಗೆ ಹೋಯಿತು, ಆ ಮನೆಗಳ ಹೆಂಗಸರ ಉಸಿರನ್ನು ಐದು ವರ್ಷ ಅಳೆದವರು ಅವರು. ಈ ಕೊಠಡಿಯಿಂದ ಹದಿಮೂರು ಜನ ಪಿಎಚ್‌ಡಿ ಮುಗಿಸಿದರು. ಅದರಲ್ಲಿ ಆರು ಜನ ಒಂದಲ್ಲ ಒಂದು ಸಲ ಬಿಟ್ಟು ಹೋಗಲು ಹೊರಟವರು. ಓದಿ ಮುಗಿದಾಗ ರುತೆಂಡೊ ಬರೆಯುವುದನ್ನು ನಿಲ್ಲಿಸಿ ಬರೀ ನೋಡುತ್ತ ಕೂತಿದ್ದಳು.

“ಕಳೆದ ಸಲದ ಪತ್ರ ನಿಮ್ಮನ್ನ ಕೆಡಿಸಿತು, ಡಾಕ್ಟರ್,” ಎಂದಳು ಚಿತ್ರಾಕ್ಷಿ. “ನನ್ನದು ತಪ್ಪಾಯ್ತು.”

“ಗೊತ್ತು,” ಎಂದರು ಅವರು. ಅಷ್ಟೇ ಹೇಳಿ ಎದ್ದು, ಮುಂದಿನ ವಾರ ವೈವಾ ಇದ್ದವಳನ್ನು ಕರೆದು ಆ ಕುರ್ಚಿಯಲ್ಲಿ ಕೂರಿಸಿದರು. ಆ ‘ಗೊತ್ತು’ ಕ್ಷಮೆಯೋ ಬೇಸರವೋ ಎಂದು ಚಿತ್ರಾಕ್ಷಿಗೆ ತಿಳಿಯಲಿಲ್ಲ. ನಾಲ್ಕು ತಿಂಗಳು ಅದು ಅವಳನ್ನು ಕೊರೆಯಿತು.

ಪತ್ರ ಒಂದು ಪುಟದ್ದಾಯಿತು. ರುತೆಂಡೊ ಅದರಲ್ಲಿ ಒಂದೇ ಪದ ಹೊಡೆದಳು, ‘ಪ್ರೀತಿಯಿಂದ’. ಚಿತ್ರಾಕ್ಷಿ ಜಗಳಕ್ಕೆ ಹೋಗಲಿಲ್ಲ.

ಜೂನ್ ತಿಂಗಳ ಒಂದು ಬುಧವಾರ ಹನ್ನೊಂದು ಗಂಟೆಗೆ ಅವಳಿಗೆ ಮೇಲ್ ಬಂತು. ನಾಮಫಲಕ ಬದಲಾಯಿಸುವುದು ಆಫೀಸಿನ ಕೆಲಸವಾದ್ದರಿಂದ ಇಂಥ ಸುದ್ದಿ ಮೊದಲು ಅಲ್ಲಿಗೇ ಬರುತ್ತದೆ. ‘ಆಗಸ್ಟ್ ಒಂದರಿಂದ ಪ್ರೊಫೆಸರ್ ಜಿಫಾ ಅಗ್ಬೆಕೊ ಎಂದು ಬಾಗಿಲ ಮೇಲೆ ಹಾಕತಕ್ಕದ್ದು.’ ಚಿತ್ರಾಕ್ಷಿ ಎದ್ದು ನಿಂತಳು, ಕೂತಳು, ಮತ್ತೆ ನಿಂತಳು. ಡಾಕ್ಟರಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದರು, ಸುಡಾನಿನ ಹುಡುಗಿಯೊಬ್ಬಳ ವೈವಾ ನಡೆಯುತ್ತಿದ್ದ ಕೊಠಡಿಯ ಹೊರಗೆ ಬೆಂಚಿನ ಮೇಲೆ. ಆ ಹೊತ್ತಿನಲ್ಲಿ ಅವರು ಯಾವ ಫೋನನ್ನೂ ತೆಗೆಯುವುದಿಲ್ಲ.

ಮೂರೂವರೆಗೆ ಅವರು ಕಾರಿಡಾರಿನಲ್ಲಿ ಕಾಣಿಸಿದರು. “ಪಾಸಾದಳು ಚಿತ್ರಾ! ಸಣ್ಣ ಪುಟ್ಟ ತಿದ್ದುಪಡಿ ಅಷ್ಟೇ!” ಎಂದು ದೂರದಿಂದಲೇ ಕೂಗಿದರು. ಫೋನು ಇನ್ನೂ ಆಫ್ ಆಗಿಯೇ ಇತ್ತು.

ಚಿತ್ರಾಕ್ಷಿ ಹೇಳಲು ಹೋಗಿ ಅತ್ತುಬಿಟ್ಟಳು. ಮಾತಿನ ಬದಲು ಅವರನ್ನು ಕಂಪ್ಯೂಟರಿನ ಮುಂದೆ ನಿಲ್ಲಿಸಿದಳು. ಅವರು ಕನ್ನಡಕ ಏರಿಸಿಕೊಂಡು ಒಂದು ಸಲ ಓದಿದರು, ಇನ್ನೊಂದು ಸಲ ಓದಿದರು. ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಫೋನು ಹಚ್ಚಿ, ಊರಿನಲ್ಲಿದ್ದ ತಾಯಿಗೆ ಕರೆ ಮಾಡಿದರು. ಎಂಬತ್ತನಾಲ್ಕು ವರ್ಷದ ಮುದುಕಿ, ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದು ನಿವೃತ್ತಿಯಾದವರು. ಅವರ ಭಾಷೆಯಲ್ಲಿ ಏನೇನೋ ಮಾತಾಯಿತು, ಆಚೆಯಿಂದ ಒಂದು ದೊಡ್ಡ ಕೇಕೆ ಕೇಳಿಸಿತು. ಮತ್ತೆ ಡಾಕ್ಟರ್ ಜಿಫಾ ಫೋನನ್ನು ಚಿತ್ರಾಕ್ಷಿಯ ಕೈಗೆ ಕೊಟ್ಟರು.

“ಪತ್ರ ಬರೆದವಳು ನೀನಾ?” ಇಂಗ್ಲಿಷಿನಲ್ಲಿ ಕೇಳಿತು ಆ ದನಿ. “ಕಳೆದ ಸಲದ್ದನ್ನ ಇವಳು ನನಗೆ ಫೋನಿನಲ್ಲಿ ಓದಿದ್ದಳು. ನಾನು ಮೂರು ಸಲ ಓದಿಸಿದೆ. ಪರದೇಶದಲ್ಲಿ ನನ್ನ ಮಗಳನ್ನ ಇಷ್ಟು ಚೆನ್ನಾಗಿ ನೋಡುವವರು ಒಬ್ಬರಿದ್ದಾರಲ್ಲ ಅಂತ ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ. ಈ ಸಲ ಏನು ಬರೆದೆ?”

ಚಿತ್ರಾಕ್ಷಿ ಡಾಕ್ಟರ್ ಜಿಫಾ ಅವರ ಕಡೆ ನೋಡಿದಳು. ಅವರು ನಗುತ್ತಿದ್ದರು. ನಾಲ್ಕು ತಿಂಗಳು ಕೊರೆದದ್ದು ಅಲ್ಲಿಗೆ ಮುಗಿಯಿತು.

“ಈ ಸಲ ಏನೂ ಹೊಗಳಲಿಲ್ಲ ಅಮ್ಮ,” ಎಂದಳು. “ಅವರು ಮಾಡಿದ್ದನ್ನು ಮಾತ್ರ ಬರೆದೆ.”

“ಹಾಗಾದರೆ ಅದನ್ನೇ ಓದು.”

ಅವಳು ಓದಿದಳು. ಮೂರು ವಾರ ತಡೆದ ಫಾರ್ಮು, ಒಂದೂವರೆ ಪುಟದ ನಿಯಮ, ನಾನೂರು ಮನೆಯ ಗೂಡು, ಐದು ವರ್ಷ ಅಳೆದ ಉಸಿರು, ಹದಿಮೂರು ಹೆಸರು, ಹದಿಮೂರು ತಾರೀಕು.

“ಅವಳು ಒಳ್ಳೆಯವಳು ಅಂತ ನನಗೆ ಮೊದಲೇ ಗೊತ್ತಿತ್ತು,” ಎಂದಿತು ಆಚೆಯ ದನಿ. “ಇಷ್ಟೆಲ್ಲ ಮಾಡಿದ್ದಾಳೆ ಅಂತ ಇಪ್ಪತ್ತೆಂಟು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ.”